ಕುಂಚ ಮತ್ತು ಕಾಗದ: ಉಪ್ಪು, ಕೆಮ್ಮಣ್ಣು, ಕಡಲ ನೊರೆ – ಜಲವರ್ಣದ ಬಗ್ಗೆ ಓದುಗರ ಪ್ರಶ್ನೆಗಳಿಗೆ ಉತ್ತರ

ಹೊಲ, ಗುಡ್ಡ, ಕೆರೆ, ಕಡಲನ್ನು ಜಲವರ್ಣದಲ್ಲಿ ಹೊಸ ಹೊಸ ರೀತಿಯಲ್ಲಿ ಬಿಡಿಸಲು ಹೊರಟವರ ಪತ್ರಗಳು ಈ ಸಲ ಹೆಚ್ಚು ಬಂದಿವೆ. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯವೇ ಬಹಳ. ಒಂದೇ ತೆರನ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇವೆ. ಬಂದ ತೊಂದರೆಗಳಲ್ಲಿ ಮುಕ್ಕಾಲು ಪಾಲಿನ ಬೇರು ಒಂದೇ: ಕಾಗದ ಈಗ ಎಷ್ಟು ಹಸಿ ಇದೆ ಎಂದು ನೋಡಿ ಹೇಳಲು ಬಾರದಿರುವುದು. ಅದಕ್ಕೇ ಮೊದಲ ಉತ್ತರ ಉದ್ದವಾಗಿದೆ. ಬೇರೆ ಪ್ರಶ್ನೆ ಕೇಳಿದವರೂ ಅದನ್ನು ಮೊದಲು ಓದಿಕೊಳ್ಳಬೇಕು.

"ಹಸಿ ಬಣ್ಣದ ಮ್ಯಾಲೆ ಉಪ್ಪು ಉದುರಿಸಿದ್ರ ಚುಕ್ಕಿ ಚುಕ್ಕಿ ನಕ್ಷತ್ರ ಮೂಡ್ತಾವ ಅಂತ ಕಲಿಸಿದ್ರು. ನನಗ ಒಮ್ಮೆ ಮೂಡ್ತಾವ, ಒಮ್ಮೆ ಇಲ್ಲ. ಏಪ್ರಿಲ್‌ನ್ಯಾಗಂತೂ ಒಂದೂ ಮೂಡ್ಲಿಲ್ಲ. ಉಪ್ಪು ಬದಲಿ ಮಾಡಬೇಕೇನ್ರಿ?"
– ವಿದ್ಯಾನಗರ, ಹುಬ್ಬಳ್ಳಿ

ಉಪ್ಪು ಅದೇ ಇರಲಿ, ಹಾಕುವ ಹೊತ್ತು ಬದಲಾಗಲಿ. ಉಪ್ಪಿನ ಹರಳು ಸುತ್ತಲಿನ ನೀರನ್ನು ಎಳೆದುಕೊಂಡು ಕರಗತೊಡಗುತ್ತದೆ. ಆ ಎಳೆತದಲ್ಲಿ ಬಣ್ಣದ ಕಣಗಳು ಜಾಗ ಬಿಟ್ಟು ಸರಿಯುತ್ತವೆ, ನಡುವೆ ತಿಳಿ ಕಲೆ ಉಳಿಯುತ್ತದೆ. ನೀರು ಅತಿಯಾದರೆ ಹರಳು ಪೂರಾ ಕರಗಿ, ನಕ್ಷತ್ರದ ಬದಲು ಮಂಕು ಮಚ್ಚೆ ಬರುತ್ತದೆ. ನೀರು ಕಡಿಮೆಯಾದರೆ ಕಣಗಳು ಆಗಲೇ ಕಾಗದದಲ್ಲಿ ಕೂತುಬಿಟ್ಟಿರುತ್ತವೆ, ಏನೂ ಆಗುವುದಿಲ್ಲ.

ಕಾಗದ ಹಸಿಯಿಂದ ಒಣಗುವವರೆಗೆ ಐದು ಹಂತ ದಾಟುತ್ತದೆ. ಬೋರ್ಡನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಮೊದಲ ಹಂತದಲ್ಲಿ ನೀರು ನಿಂತಿರುತ್ತದೆ, ಓರೆ ಮಾಡಿದರೆ ಹರಿಯುತ್ತದೆ. ಎರಡರಲ್ಲಿ ಹರಿಯುವುದಿಲ್ಲ, ಆದರೆ ಮೇಲ್ಮೈ ಪೂರ್ತಿ ಹೊಳೆಯುತ್ತದೆ. ಮೂರನೆಯದರಲ್ಲಿ ಹೊಳಪು ಮಾಸತೊಡಗಿ ಕಾಗದದ ಉಬ್ಬುತಗ್ಗು ಕಣ್ಣಿಗೆ ಬೀಳುತ್ತದೆ. ನಾಲ್ಕರಲ್ಲಿ ಹೊಳಪು ಇರುವುದಿಲ್ಲ, ಬೆರಳಿನ ಹಿಂಬದಿ ತಾಗಿಸಿದರೆ ತಣ್ಣಗಿರುತ್ತದೆ. ಐದರಲ್ಲಿ ಆ ತಂಪೂ ಹೋಗಿ ಕಾಗದ ನಿಜಕ್ಕೂ ಒಣಗಿರುತ್ತದೆ.

ಎರಡನೇ ಹಂತ ಮುಗಿದು ಮೂರು ಶುರುವಾಗುವ ಆ ಸಂಧಿಯಲ್ಲೇ ಉಪ್ಪು ಬೀಳಬೇಕು. ಪೋಸ್ಟ್‌ಕಾರ್ಡ್ ಅಳತೆಗೆ ಒಂದು ಚಿಟಿಕೆ ಸಾಕು. ಹರಳುಪ್ಪು ದೊಡ್ಡ, ಬಿಡಿ ಬಿಡಿ ಗುರುತು ಕೊಡುತ್ತದೆ, ಪುಡಿ ಉಪ್ಪು ಸಣ್ಣ ಒತ್ತು ಚುಕ್ಕಿ ಕೊಡುತ್ತದೆ. ತೀರಾ ತೆಳು ಬಣ್ಣದ ಮೇಲೆ ಗುರುತು ಮೂಡಿದರೂ ಕಾಣುವುದಿಲ್ಲ, ಕೆಳಗಿನ ಬಣ್ಣ ನಡುಮಟ್ಟಕ್ಕಾದರೂ ಗಾಢವಾಗಿರಬೇಕು. ಪೂರ್ತಿ ಒಣಗುವ ತನಕ ಹೇರ್ ಡ್ರೈಯರ್ ಹಿಡಿಯಬೇಡಿ, ಉಪ್ಪು ಹಾರಿ ಚಿತ್ರದ ಬೇರೆ ಕಡೆ ಬಿದ್ದು ಅಲ್ಲೂ ಕಲೆ ಮಾಡುತ್ತದೆ. ಒಣಗಿದ ಮೇಲೆ ಗಟ್ಟಿ ಕಾರ್ಡಿನ ಅಂಚಿನಿಂದ ಮೆಲ್ಲಗೆ ಕೆರೆದು ತೆಗೆಯಿರಿ. ತೆಗೆದರೂ ನಾರಿನೊಳಗೆ ಸ್ವಲ್ಪ ಉಪ್ಪು ಉಳಿಯುತ್ತದೆ, ಅದು ಮಳೆಗಾಲದಲ್ಲಿ ಗಾಳಿಯ ತೇವ ಹೀರುತ್ತದೆ. ಬಹಳ ಕಾಲ ಉಳಿಯಬೇಕಾದ ಚಿತ್ರಕ್ಕೆ, ಮಾರುವ ಚಿತ್ರಕ್ಕೆ ಉಪ್ಪು ಬೇಡ ಎನ್ನುವುದು ನಮ್ಮ ಖಚಿತ ಅಭಿಪ್ರಾಯ. ಅದೇ ಸಂಧಿಯಲ್ಲಿ ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಶುದ್ಧ ನೀರು ಸಿಡಿಸಿದರೆ ಅದರ ಹತ್ತಿರದ ಗುರುತೇ ಸಿಗುತ್ತದೆ, ಕಾಗದಕ್ಕೆ ಅಪಾಯವಿಲ್ಲ.

ಉಳಿದ ಪ್ರಯೋಗಗಳಿಗೂ ಇದೇ ಲೆಕ್ಕ. ಮೆಡಿಕಲ್ ಅಂಗಡಿಯ ಐಸೊಪ್ರೊಪೈಲ್ ಸ್ಪಿರಿಟ್ ಹನಿ ಬಿಡುವುದಾದರೆ ಎರಡನೇ ಹಂತದಲ್ಲಿ ಬಿಡಿ. ಅದು ನೀರಿನ ಮೇಲ್ಮೈ ಎಳೆತವನ್ನು ಮುರಿದು ಬಣ್ಣವನ್ನು ಸುತ್ತ ತಳ್ಳುತ್ತದೆ, ಉಂಗುರ ಮೂಡುತ್ತದೆ. ಕಿಟಕಿ ತೆರೆದಿರಲಿ, ಹತ್ತಿರ ದೀಪ, ಊದುಬತ್ತಿ ಬೇಡ. ಬಂಡೆಯ ಮೈ ಬೇಕಾದರೆ ಅದೇ ಹಂತದಲ್ಲಿ ಅಡುಗೆಮನೆಯ ತೆಳು ಪ್ಲಾಸ್ಟಿಕ್ ಹಾಳೆಯನ್ನು ಸುಕ್ಕು ಮಾಡಿ ಹೊದಿಸಿ, ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ತೆಗೆಯಿರಿ. ಹಸಿ ಇರುವಾಗಲೇ ಎತ್ತಿ ನೋಡುವ ಆಸೆಗೆ ಬಿದ್ದರೆ ಗೆರೆಗಳೆಲ್ಲ ಕಲಸಿಹೋಗುತ್ತವೆ. ನಾಲ್ಕನೇ ಹಂತದಲ್ಲಿ ಮಾತ್ರ ಏನನ್ನೂ ಮುಟ್ಟಬಾರದು. ಆಗ ಬಿದ್ದ ಒಂದು ಹನಿ ನೀರು, ಅರ್ಧ ಕೂತ ಬಣ್ಣವನ್ನು ಹೊರಕ್ಕೆ ದೂಡಿ ಹೂಕೋಸಿನ ಅಂಚು ಬಿಡಿಸುತ್ತದೆ. ಅದನ್ನು ಅಳಿಸಲು ಹೋದರೆ ಇನ್ನೂ ದೊಡ್ಡದಾಗುತ್ತದೆ.

ಇನ್ನು ಏಪ್ರಿಲ್ ವಿಷಯ. ಪುಸ್ತಕಗಳಲ್ಲಿ ಕೊಡುವ "ಐದು ನಿಮಿಷ ಕಾಯಿರಿ" ಎಂಬ ಲೆಕ್ಕ ತಂಪು ದೇಶದ ಕೋಣೆಗೆ ಸರಿ. ನಮ್ಮ ಬಯಲುಸೀಮೆಯ ಬೇಸಿಗೆಯಲ್ಲಿ, ಮೇಲೆ ಫ್ಯಾನ್ ತಿರುಗುತ್ತಿದ್ದರೆ, ಆ ಸಂಧಿ ನೀವು ಡಬ್ಬಿಯಿಂದ ಉಪ್ಪು ತೆಗೆಯುವಷ್ಟರಲ್ಲಿ ದಾಟಿಹೋಗಿರುತ್ತದೆ. ಫ್ಯಾನ್ ಆರಿಸಿ. ಕಾಗದದ ಎರಡೂ ಬದಿ ತೋಯಿಸಿ ಅಕ್ರಿಲಿಕ್ ಶೀಟ್ ಅಥವಾ ದಪ್ಪ ಪ್ಲಾಸ್ಟಿಕ್ ಮೇಲೆ ಹಾಸಿ. ಹಿಂದಿನ ತೇವ ಮುಂದಿನ ಬದಿಯನ್ನು ಬಹಳ ಹೊತ್ತು ಹಸಿ ಇಡುತ್ತದೆ. ನೂರು ಮಿ.ಲೀ. ನೀರಿಗೆ ನಾಲ್ಕೈದು ಹನಿ ಗ್ಲಿಸರಿನ್ ಹಾಕಿದರೂ ಒಣಗುವುದು ನಿಧಾನವಾಗುತ್ತದೆ. ಅದಕ್ಕಿಂತ ಹೆಚ್ಚಾದರೆ ಬಣ್ಣ ಅಂಟಂಟಾಗಿಯೇ ಉಳಿಯುತ್ತದೆ. ಜುಲೈನಲ್ಲಿ ಇದರ ಉಲ್ಟಾ: ಕಾಗದ ಒಣಗುವುದೇ ಇಲ್ಲ, ಡಬ್ಬಿಯ ಉಪ್ಪೇ ಒದ್ದೆಯಾಗಿರುತ್ತದೆ. ಆಗ ಗ್ಲಿಸರಿನ್ ಬೇಡ, ಉಪ್ಪನ್ನು ಹಂಚಿನ ಮೇಲೆ ಬಿಸಿ ಮಾಡಿ ಗಾಜಿನ ಬಾಟಲಿಯಲ್ಲಿ ಮುಚ್ಚಿಡಿ.

ಒಂದು ಕಾಗದವನ್ನು ಅಂಗೈ ಅಗಲದ ಆರು ತುಂಡು ಮಾಡಿ, ಎಲ್ಲಕ್ಕೂ ಒಮ್ಮೆಲೇ ಅದೇ ಬಣ್ಣ ಹಚ್ಚಿ, ನಿಮಿಷಕ್ಕೊಂದು ತುಂಡಿಗೆ ಉಪ್ಪು ಹಾಕಿ. ಹಿಂದೆ ತಿಂಗಳು, ಹೊತ್ತು, ಫ್ಯಾನ್ ಇತ್ತೋ ಇಲ್ಲವೋ ಬರೆದಿಡಿ. ನಿಮ್ಮ ಕೋಣೆಯ ಲೆಕ್ಕ ಬೇರೆಯವರ ಪುಸ್ತಕದಲ್ಲಿ ಸಿಗುವುದಿಲ್ಲ.

"ಕಪ್ಪತಗುಡ್ಡದ ಕೆಂಪು ಮಣ್ಣಿನಿಂದಲೇ ಕಪ್ಪತಗುಡ್ಡದ ಚಿತ್ರ ಬರೆಯಬೇಕೆಂಬ ಆಸೆ. ಮಣ್ಣನ್ನು ನೀರಿನಲ್ಲಿ ಕಲಸಿ ಹಚ್ಚಿದೆ. ಒಣಗಿದ ಮೇಲೆ ಕೈಗೆ ಪುಡಿ ಹತ್ತುತ್ತದೆ. ಅಂಗಡಿಯಿಂದ ಗೋಂದು ತಂದು ನೆನೆಸಿದರೆ ಅದು ಕರಗದೆ ಉಬ್ಬಿ ಕೂತಿತು. ದಾರಿ ಯಾವುದು?"
– ಮುಂಡರಗಿ, ಗದಗ ಜಿಲ್ಲೆ

ಮೊದಲು ಒಂದು ಎಚ್ಚರಿಕೆ. ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ. ಅಲ್ಲಿಂದ ಮಣ್ಣು, ಕಲ್ಲು ತರುವಂತಿಲ್ಲ. ಗುಡ್ಡದ ಹೊರಗೆ ನಿಮ್ಮದೇ ಹೊಲದ ಒಡ್ಡಿನಲ್ಲಿ, ಬಾವಿ ತೋಡಿದ ರಾಶಿಯಲ್ಲಿ, ಮನೆ ಪಾಯ ತೆಗೆದ ಕಡೆ ಅದೇ ಕಬ್ಬಿಣದ ಕೆಂಪು ಸಿಗುತ್ತದೆ. ಗೊಬ್ಬರ, ಬೇರು ಬೆರೆತ ಮೇಲ್ಮಣ್ಣು ಬೇಡ, ಒಂದೆರಡು ಅಡಿ ಕೆಳಗಿನದು ತೆಗೆದುಕೊಳ್ಳಿ. ಈ ಕೆಂಪು ಐರನ್ ಆಕ್ಸೈಡಿನದು, ಬಿಸಿಲಿಗೆ ಮಾಸುವುದಿಲ್ಲ. ಅಂಗಡಿಯ ಎಷ್ಟೋ ದುಬಾರಿ ಕೆಂಪು ಟ್ಯೂಬುಗಳಿಗೆ ಈ ಗುಣವಿಲ್ಲ.

ಎರಡು ಹಿಡಿ ಮಣ್ಣನ್ನು ಒಂದು ಬಕೆಟ್ ನೀರಿಗೆ ಹಾಕಿ ಚೆನ್ನಾಗಿ ಕದಡಿ. ಒಂದು ನಿಮಿಷ ಬಿಡಿ. ಮರಳು, ಗರಸು ತಳಕ್ಕೆ ಹೋಗುತ್ತದೆ. ಮೇಲಿನ ಕೆಂಪು ನೀರನ್ನು ಹಳೇ ಧೋತರದ ಬಟ್ಟೆಯಲ್ಲಿ ಸೋಸಿ ಬೇರೆ ಪಾತ್ರೆಗೆ ಬಗ್ಗಿಸಿ. ರಾತ್ರಿ ಕಳೆದರೆ ನುಣುಪು ರಾಡಿ ತಳದಲ್ಲಿ ಕೂತಿರುತ್ತದೆ, ಮೇಲಿನ ತಿಳಿನೀರು ಚೆಲ್ಲಿ. ಹೀಗೆ ಮೂರು ಸಲ ತೊಳೆದರೆ ಮಣ್ಣಿನ ಉಪ್ಪಿನಂಶವೂ ಬಹುಪಾಲು ಹೋಗುತ್ತದೆ. ರಾಡಿಯನ್ನು ಸ್ಟೀಲ್ ತಟ್ಟೆಯಲ್ಲಿ ನೆರಳಿಗೆ ಒಣಗಿಸಿ, ಕುಟ್ಟಿ, ತೆಳು ಬಟ್ಟೆಯಲ್ಲಿ ಜರಡಿ ಹಿಡಿಯಿರಿ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಈ ದೂಳು ಒಳಗೆ ಹೋಗಬಾರದು.

ಗೋಂದಿನ ತಪ್ಪು ಬಹಳ ಜನ ಮಾಡುತ್ತಾರೆ. ನಿಮಗೆ ಸಿಕ್ಕದ್ದು ಗೋಂದ್ ಕತೀರ. ಅದು ನೀರು ಕುಡಿದು ಉಬ್ಬುತ್ತದೆಯೇ ಹೊರತು ಕರಗುವುದಿಲ್ಲ. ಜಲವರ್ಣಕ್ಕೆ ಬೇಕಾದದ್ದು ಜಾಲಿ ಜಾತಿಯ ಮರದ ಅಂಟು. ಅಂಟಿನ ಉಂಡಿಗೆ, ಗೋಕಾಕದ ಕರದಂಟಿಗೆ ಹಾಕುವ ಅಂಟಿನಲ್ಲೂ ಬೇರೆ ಮರದ್ದು ಬೆರೆತಿರಬಹುದು. ಹಾಗಾಗಿ ನಾಲ್ಕು ಹರಳನ್ನು ಬಿಸಿ ನೀರಿನಲ್ಲಿ ರಾತ್ರಿ ನೆನೆಸಿ ನೋಡಿ. ಬೆಳಿಗ್ಗೆ ತೆಳು ಜೇನಿನಂತೆ ಏಕವಾಗಿ ಕರಗಿದ್ದರೆ ನಡೆಯುತ್ತದೆ, ಲೋಳೆ ಗಡ್ಡೆ ಉಳಿದಿದ್ದರೆ ಬೇಡ.

20 ಗ್ರಾಂ ಅಂಟಿಗೆ 40 ಮಿ.ಲೀ. ಬಿಸಿ ನೀರು. ಕುದಿಸಬಾರದು. ಮರುದಿನ ಸೋಸಿ, ಒಂದು ಟೀ ಚಮಚ ಜೇನು, ಒಂದೆರಡು ಹನಿ ಲವಂಗದ ಎಣ್ಣೆ ಸೇರಿಸಿ. ಜೇನು ಒಣಗಿದ ಬಣ್ಣ ಮತ್ತೆ ಬೇಗ ಕರಗಲು, ಲವಂಗ ಬೂಸು ಬಾರದಿರಲು. ಗಾಜಿನ ಹಾಳೆಯ ಮೇಲೆ ಮಣ್ಣಿನ ಪುಡಿ ಒಂದು ಪಾಲು, ಈ ದ್ರವ ಒಂದು ಪಾಲು ಹಾಕಿ, ತಳ ಸಮವಿರುವ ದಪ್ಪ ಗಾಜಿನ ಲೋಟದಿಂದ ವೃತ್ತಾಕಾರವಾಗಿ ಹದಿನೈದು ಇಪ್ಪತ್ತು ನಿಮಿಷ ಅರೆಯಿರಿ. ಮೊದಲು ಗರಗರ ಸದ್ದು ಬರುತ್ತದೆ. ಆ ಸದ್ದು ನಿಂತು ಲೋಟ ಎಣ್ಣೆಯ ಮೇಲೆ ಜಾರಿದಂತೆ ಜಾರತೊಡಗಿದಾಗ ಹದ ಬಂದಿದೆ. ಕಾಗದಕ್ಕೆ ಹಚ್ಚಿ ಒಣಗಿಸಿ ಬೆರಳಿನಿಂದ ಉಜ್ಜಿ. ಪುಡಿ ಬಂದರೆ ಅಂಟು ಸಾಲದು. ಒಣಗಿದ ಪದರ ಮಿರಮಿರ ಹೊಳೆದು, ತಟ್ಟೆಯಲ್ಲಿ ಬಿರಿದು ಏಳುತ್ತಿದ್ದರೆ ಅಂಟು ಜಾಸ್ತಿ.

ಎರೆ ಮಣ್ಣನ್ನೂ ಹೀಗೇ ಮಾಡಬಹುದೆ ಎಂದು ನವಲಗುಂದ, ನರಗುಂದದ ಓದುಗರು ಕೇಳಿದ್ದಾರೆ. ಮಾಡಬಹುದು, ಒಂದು ಕಷ್ಟವಿದೆ. ಆ ಜೇಡಿ ನೀರು ಕುಡಿದು ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಬೇಸಿಗೆಯ ಹೊಲದ ಬಿರುಕು ನಿಮ್ಮ ಕಾಗದದ ಮೇಲೂ ಬರುತ್ತದೆ. ಅಂಟು ಕೆಮ್ಮಣ್ಣಿಗಿಂತ ಹೆಚ್ಚು ಬೇಕು, ಹಚ್ಚುವುದು ತೆಳುವಾಗಿರಬೇಕು. ಅದರಿಂದ ಸಿಗುವುದು ಕಡುಗಪ್ಪಲ್ಲ, ಕಂದು ಮಿಶ್ರ ಬೂದು. ಮಳೆ ಹೊತ್ತ ಮೋಡಕ್ಕೆ ಅಂಥ ಬೂದು ಟ್ಯೂಬಿನಲ್ಲಿ ಸಿಗುವುದಿಲ್ಲ. ಹಳದಿ ಮಣ್ಣು ಸಿಕ್ಕಿದವರು ಅರ್ಧವನ್ನು ಕಬ್ಬಿಣದ ಹಂಚಿನ ಮೇಲೆ, ಬಯಲಲ್ಲಿ, ಜೋರು ಉರಿಯಲ್ಲಿ ಹುರಿಯಿರಿ. ಕಬ್ಬಿಣದ ಕಣದೊಳಗಿನ ನೀರು ಹೋಗಿ ಹಳದಿ ಕೆಂಪಿಗೆ ತಿರುಗುತ್ತದೆ. ಒಂದೇ ಮಣ್ಣು, ಎರಡು ಬಣ್ಣ.

"ವರ್ಷಕ್ಕೊಮ್ಮೆ ಗೋಕರ್ಣಕ್ಕೆ ಹೋಗುತ್ತೇವೆ. ಮೊಬೈಲಿನಲ್ಲಿ ತೆಗೆದ ಫೋಟೊ ನೋಡಿ ಮನೆಯಲ್ಲಿ ಕಡಲು ಬಿಡಿಸುತ್ತೇನೆ. ನೀರು ಪ್ಲಾಸ್ಟಿಕ್ ಹಾಳೆಯಂತೆ, ನೊರೆ ಹತ್ತಿಯಂತೆ ಕಾಣುತ್ತದೆ. ಅಲೆ ಸಾಯುತ್ತದೆ. ಎಲ್ಲಿ ತಪ್ಪುತ್ತಿದ್ದೇನೆ?"
– ರಾಣೆಬೆನ್ನೂರು, ಹಾವೇರಿ ಜಿಲ್ಲೆ

ಫೋಟೊ ಎಲ್ಲವನ್ನೂ ಒಂದೇ ಚೂಪಿನಲ್ಲಿ ಹಿಡಿಯುತ್ತದೆ, ನೊರೆಯ ನೆರಳನ್ನು ಬಿಳಿಯಲ್ಲಿ ಮುಳುಗಿಸುತ್ತದೆ. ಮೊಬೈಲಿನ ಅಗಲ ಲೆನ್ಸ್ ದೂರದ ಅಲೆಗಳನ್ನು ಇನ್ನೂ ಚಿಕ್ಕದು ಮಾಡುತ್ತದೆ. ಮುಂದಿನ ಸಲ ಫೋಟೊ ಜೊತೆಗೆ ಪೆನ್ಸಿಲ್ ಟಿಪ್ಪಣಿ ತನ್ನಿ: ಬೆಂಕಿಪೊಟ್ಟಣದ ಅಳತೆಯ ಮೂರು ನಾಲ್ಕು ಚೌಕ, ಪ್ರತಿಯೊಂದರಲ್ಲೂ ಬಿಳಿ, ನಡು, ಕಪ್ಪು ಮೂರೇ ಛಾಯೆ. ಒಂದೇ ಜಾಗದಲ್ಲಿ ಕೂತು ಒಂದು ಅಲೆ ಏಳುವುದು, ಬಾಗುವುದು, ಒಡೆಯುವುದು, ಹಿಂದೆ ಸರಿಯುವುದು ನೋಡಿ. ಪ್ರತಿ ಅಲೆಯೂ ಅದನ್ನೇ ಮಾಡುತ್ತದೆ, ಹಾಗಾಗಿ ಒಂದನ್ನು ತಪ್ಪಿಸಿಕೊಂಡರೆ ಮುಂದಿನದರಲ್ಲಿ ತಿದ್ದಬಹುದು.

ಬೆಳಕಿನ ದಿಕ್ಕು ಗಮನಿಸಿ. ನಮ್ಮ ಕರಾವಳಿ ಪಡುವಣಕ್ಕೆ ಮುಖ ಮಾಡಿದೆ. ಬೆಳಿಗ್ಗೆ ಸೂರ್ಯ ನಿಮ್ಮ ಬೆನ್ನಿಗಿರುತ್ತಾನೆ, ನೀರಿನ ಸ್ವಂತ ಬಣ್ಣ ಕಾಣುತ್ತದೆ. ಸಂಜೆ ಸೂರ್ಯ ಅಲೆಯ ಹಿಂದಿರುತ್ತಾನೆ. ಬಾಗಿದ ಅಲೆಯ ತುದಿ ತೆಳುವಾದ ಕಡೆ ಬೆಳಕು ತೂರಿ ಬಂದು ಹಳದಿ ಬೆರೆತ ಹಸಿರು ಮಿನುಗುತ್ತದೆ. ಆ ಹಸಿರನ್ನು ಬೆಳಗಿನ ಚಿತ್ರದಲ್ಲಿ ಹಾಕಿದರೆ ಕಣ್ಣು ಒಪ್ಪುವುದಿಲ್ಲ. ಮಳೆಗಾಲದಲ್ಲಿ ಕಾಳಿ, ಗಂಗಾವಳಿ, ಅಘನಾಶಿನಿ ಹೊಳೆಗಳು ಮಣ್ಣು ತಂದು ಸುರಿಯುವುದರಿಂದ ದಡದ ನೀರು ಕಂದು. ಟ್ಯೂಬಿನ ನೀಲಿ ಹಾಗೇ ಹಚ್ಚಿದ ಕಡಲು ಕಾರವಾರದ್ದೂ ಅಲ್ಲ, ಗೋಕರ್ಣದ್ದೂ ಅಲ್ಲ.

ಈಗ ಕೆಲಸ. ಕಾಲು ಇಂಪೀರಿಯಲ್ ಹಾಳೆ, 28×38 ಸೆಂ.ಮೀ., 300 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ತೂಕ), ಸಾಧ್ಯವಾದರೆ ಪೂರ್ತಿ ಹತ್ತಿಯದು, ಒರಟು ಮೈಯದು. ನಾಲ್ಕು ಬದಿ ಟೇಪ್ ಹಚ್ಚಿ. ದಿಗಂತದ ಗೆರೆ ಹಾಳೆಯ ನಟ್ಟನಡುವೆ ಬೇಡ. ಎರಡೂ ಅಂಚಿನಿಂದ ಅಳೆದು ಗುರುತು ಹಾಕಿ. ಎರಡು ಮಿ.ಮೀ. ಓರೆಯಾದರೂ ಕಡಲು ಒಂದು ಕಡೆ ಚೆಲ್ಲಿದಂತೆ ಕಾಣುತ್ತದೆ. ಪೆನ್ಸಿಲಿನಲ್ಲಿ ದಿಗಂತ, ಅಲೆಯ ತುದಿ, ನೊರೆಯ ಹೊರರೂಪ ಮಾತ್ರ.

ಆಕಾಶ ಎರಡನೇ ಹಂತದ ಹಸಿಯಲ್ಲಿ: ದಿಗಂತದ ಬಳಿ ತೆಳು ಯೆಲ್ಲೋ ಓಕರ್ (ಮಣ್ಣಿನ ಹಳದಿ), ಮೇಲಕ್ಕೆ ಅಲ್ಟ್ರಾಮರೀನ್ (ಕಡುನೀಲಿ) ಬಣ್ಣಕ್ಕೆ ಸ್ವಲ್ಪ ಬರ್ನ್ಟ್ ಸಿಯೆನ್ನಾ (ಕೆಂಪುಗಂದು) ಬೆರೆಸಿದ ಬೂದುನೀಲಿ. ಪೂರ್ತಿ ಒಣಗಲಿ. ಒಣಗಿದ ಮೇಲೆ ಜಲವರ್ಣ ತಿಳಿಯಾಗುತ್ತದೆ, ಹಾಗಾಗಿ ಹಸಿ ಇದ್ದಾಗ ನಿಮಗೆ ಸ್ವಲ್ಪ ಹೆಚ್ಚಾಯಿತು ಅನಿಸುವಷ್ಟು ಇರಲಿ.

ದೂರದ ನೀರನ್ನು ಒಣಕುಂಚದಲ್ಲಿ ಎಳೆಯಿರಿ. ಒಂದಿಂಚು ಚಪ್ಪಟೆ ಬ್ರಷ್‌ಗೆ ಗಟ್ಟಿ ಬಣ್ಣ ತುಂಬಿಸಿ, ಒಮ್ಮೆ ಬಟ್ಟೆಗೆ ಒತ್ತಿ, ಬ್ರಷ್‌ನ ಹೊಟ್ಟೆ ಕಾಗದಕ್ಕೆ ತಾಗುವಂತೆ ಮಲಗಿಸಿ, ಅಡ್ಡಕ್ಕೆ ಒಂದೇ ಬೀಸು. ಬಣ್ಣ ಕಾಗದದ ಉಬ್ಬಿಗೆ ಮಾತ್ರ ಹತ್ತಿ, ತಗ್ಗು ಬಿಳಿಯಾಗಿ ಉಳಿದು ನೀರು ಹೊಳೆಯುತ್ತದೆ. ಕೈ ನಿಧಾನವಾದರೆ ತಗ್ಗೂ ತುಂಬಿಹೋಗುತ್ತದೆ. ನುಣುಪು ಕಾಗದದಲ್ಲಿ ಇದು ಆಗುವುದೇ ಇಲ್ಲ. ದಿಗಂತದ ಬಳಿ ಬೀಸುಗಳು ಒತ್ತಾಗಿರಲಿ, ಹತ್ತಿರ ಬಂದಂತೆ ನಡುವಿನ ಜಾಗ ಅಗಲವಾಗಲಿ.

ಅಲೆಯ ಮೈಯನ್ನು ಒಂದೇ ಉಸಿರಿಗೆ ಮುಗಿಸಿ. ಸಂಜೆಯ ಅಲೆಯಾದರೆ ತುದಿಯಲ್ಲಿ ಓಕರ್‌ಗೆ ಸೂಜಿ ಮೊನೆಯಷ್ಟು ಥೇಲೊ ಗ್ರೀನ್. ಥೇಲೊ ಬಹಳ ಜೋರು, ಬ್ರಷ್ ಪೂರ್ತಿ ಅದ್ದಿದರೆ ಚಿತ್ರ ಕೆಟ್ಟಿತು. ಕೆಳಗಿಳಿದಂತೆ ಅಲ್ಟ್ರಾಮರೀನ್ ಸೇರಿಸಿ. ಬ್ರಷ್ ಅಲೆಯ ಬಾಗಿನ ಗುಂಟ ಮೇಲಿಂದ ಕೆಳಗೆ ಚಲಿಸಲಿ. ನಿಮ್ಮ ನೀರು ಪ್ಲಾಸ್ಟಿಕ್‌ನಂತೆ ಕಾಣಲು ಬಹುಶಃ ಇದೇ ಕಾರಣ: ಇಡೀ ಅಲೆಯನ್ನು ಅಡ್ಡ ಬೀಸಿನಲ್ಲಿ, ಒಂದೇ ಛಾಯೆಯಲ್ಲಿ ತುಂಬಿರುತ್ತೀರಿ.

ನೊರೆ ಎಂದರೆ ಬಿಟ್ಟ ಕಾಗದ. ಆದರೆ ಬಿಟ್ಟ ಕಾಗದವೆಲ್ಲ ನೊರೆಯಾಗುವುದಿಲ್ಲ. ನೊರೆಗೆ ಗಾತ್ರವಿದೆ, ಬೆಳಕಿಲ್ಲದ ಕಡೆ ನೆರಳಿದೆ. ಅಲ್ಟ್ರಾಮರೀನ್, ಬರ್ನ್ಟ್ ಸಿಯೆನ್ನಾದ ತೀರಾ ತೆಳು ಬೂದನ್ನು ಆ ಬದಿಗೆ ಹಚ್ಚಿ, ಅಚ್ಚಬಿಳಿಯನ್ನು ಒಂದೆರಡು ಕಡೆ ಮಾತ್ರ ಉಳಿಸಿ. ಅಂಚೂ ಒಂದೇ ತೆರ ಇರಬಾರದು. ಅಲೆ ಒಡೆಯುವ ಜಾಗದಲ್ಲಿ ಚೂಪು, ತುಂತುರು ಹಾರುವ ಕಡೆ ಒದ್ದೆ ಬ್ರಷ್‌ನಿಂದ ಮೆದು. ಹತ್ತಿಯಂತೆ ಕಾಣುವ ನೊರೆಯಲ್ಲಿ ಸುತ್ತಲೂ ಮೆದು ಅಂಚೇ ಇರುತ್ತದೆ. ದಡದ ಕಡೆ ಹರಡಿದ ನೊರೆಯ ಜಾಲಕ್ಕೆ ಬಿಳಿ ಮೇಣದ ಬತ್ತಿಯಿಂದ ಮೊದಲೇ ಗೆರೆ ಎಳೆದು ಮೇಲೆ ಬಣ್ಣ ಹಾಯಿಸಿ. ಜಾಲದ ತೂತುಗಳು ಹತ್ತಿರದಲ್ಲಿ ದುಂಡು, ದೂರದಲ್ಲಿ ಅಡ್ಡ ಚಪ್ಪಟೆ. ಮೇಣ ಒಮ್ಮೆ ಬಿದ್ದರೆ ತೆಗೆಯಲಾಗದು, ಯೋಚಿಸಿ ಎಳೆಯಿರಿ.

ಗಾಳಿಗೆ ಹಾರುವ ಹನಿಗೆ ಕೊನೆಯಲ್ಲಿ ಬ್ಲೇಡಿನ ಮೂಲೆಯಿಂದ ಕೆರೆದು ಬಿಳಿ ತೆಗೆಯಬಹುದು. ಇಂಗ್ಲೆಂಡಿನ ಟರ್ನರ್ (1775–1851) ತನ್ನ ಜಲವರ್ಣಗಳಲ್ಲಿ ಕೆರೆಯುವುದು, ಒರೆಸುವುದು, ಸ್ಪಂಜಿನಿಂದ ಎತ್ತುವುದು ಎಲ್ಲ ಮಾಡಿದವನು. ಹಾಳೆ ಐದನೇ ಹಂತಕ್ಕೆ ಬಂದಿರಬೇಕು. ತಂಪಿರುವಾಗ ಕೆರೆದರೆ ನಾರು ಎದ್ದು ಕಪ್ಪು ಗಾಯವಾಗುತ್ತದೆ.

ಇಷ್ಟು ಕೈಗೆ ಹತ್ತಿದ ಮೇಲೆ ಸುರಿಯುವ ಪದ್ಧತಿ ಮಾಡಿ ನೋಡಿ. ಮೂರು ಕಪ್‌ಗಳಲ್ಲಿ ತಲಾ 30 ಮಿ.ಲೀ. ನೀರಿಗೆ ದೊಡ್ಡ ಬಟಾಣಿಯಷ್ಟು ಟ್ಯೂಬ್ ಬಣ್ಣ: ಅಲ್ಟ್ರಾಮರೀನ್, ಓಕರ್, ಬರ್ನ್ಟ್ ಸಿಯೆನ್ನಾ. ನೊರೆಯ ಜಾಗಕ್ಕೆ ಮಾಸ್ಕಿಂಗ್ ಫ್ಲೂಯಿಡ್ (ಬಣ್ಣ ತಾಗದಂತೆ ಹಚ್ಚಿ, ಆಮೇಲೆ ಎಳೆದು ತೆಗೆಯುವ ರಬ್ಬರ್ ದ್ರವ) ಹಚ್ಚಿ ಒಣಗಿಸಿ, ಹಾಳೆ ತೋಯಿಸಿ, ಒಂದೊಂದೇ ಕಪ್ ಸುರಿದು ಬೋರ್ಡನ್ನು ಅಲೆ ಓಡುವ ದಿಕ್ಕಿಗೆ ವಾಲಿಸಿ. ಹೆಚ್ಚಾದದ್ದು ಮೂಲೆಯಿಂದ ತಟ್ಟೆಗೆ ಇಳಿಯಲಿ. ನಂತರ ಬೋರ್ಡ್ ಸಮನಾಗಿ ಮಲಗಿಸಿ, ಟೇಪಿನ ಅಂಚಿನಲ್ಲಿ ನಿಂತ ನೀರನ್ನು ಟಿಶ್ಯೂ ಪೇಪರಿನಿಂದ ಹೀರಿ ತೆಗೆಯಿರಿ. ಈ ಕೆಲಸ ಮರೆತರೆ ಅಂಚಿನ ನೀರು ನಾಲ್ಕನೇ ಹಂತದಲ್ಲಿ ಒಳಕ್ಕೆ ತೆವಳಿ ಸುತ್ತಲೂ ಹೂಕೋಸು ಮಾಡುತ್ತದೆ. ಒಂದೇ ಸುರಿತದಲ್ಲಿ ಗಾಢ ಬರುವುದಿಲ್ಲ. ಒಣಗಿಸಿ ಎರಡು ಮೂರು ಸಲ ಸುರಿಯಬೇಕು, ಪ್ರತಿ ಸಲ ಸ್ವಲ್ಪ ಹೆಚ್ಚು ಜಾಗ ಮಾಸ್ಕ್ ಮಾಡುತ್ತ.

"ನೊರೆಗೆ, ಬೆಳಕಿಗೆ ಬಿಳಿ ಬಣ್ಣ ಬಳಸಿದರೆ ತಪ್ಪೇ?"
– ಬ್ಯಾಡಗಿ

ತಪ್ಪಿಲ್ಲ. ಆದರೆ ಜಲವರ್ಣ ಪೆಟ್ಟಿಗೆಯ ಚೈನೀಸ್ ವೈಟ್ ಸತುವಿನದು, ತೆಳು, ಒಣಗಿದಾಗ ಮಾಯವಾಗುತ್ತದೆ. ಮುಚ್ಚುವ ಶಕ್ತಿ ಬೇಕಾದರೆ ಟೈಟಾನಿಯಂ ಬಿಳಿ ಗ್ವಾಶ್ (ಕೆಳಗಿನದನ್ನು ಮುಚ್ಚುವ ದಪ್ಪ ಜಲವರ್ಣ), ಹಾಲಿನ ಕೆನೆಯಷ್ಟು ಗಟ್ಟಿ. ಹನಿಗೆ, ಹಕ್ಕಿಗೆ, ಹಾಯಿಯ ಅಂಚಿಗೆ ಸಾಕು. ಇಡೀ ಅಲೆಯನ್ನು ಅದರಿಂದ ತುಂಬಿದರೆ ಸುಣ್ಣ ಬಳಿದಂತಾಗುತ್ತದೆ.

"ಮಳೆಗಾಲದಲ್ಲಿ ಕೆಲಗೇರಿ ಕೆರೆಯ ದಂಡೆಯ ಹಸಿರು ಬಿಡಿಸಲು ಹೋದರೆ ಪ್ರತಿ ಸಲ ಕೆಸರಾಗುತ್ತದೆ. ಐದಾರು ಹಸಿರು ಟ್ಯೂಬ್ ಇವೆ."
– ಸಪ್ತಾಪುರ, ಧಾರವಾಡ

ಥೇಲೊ ಗ್ರೀನ್ ಇದ್ದರೆ ಅದೊಂದನ್ನು ಬಿಟ್ಟು, ಆ ಐದಾರು ಟ್ಯೂಬ್‌ಗಳನ್ನು ಕೆಲಕಾಲ ಬದಿಗಿಡಿ. ಅಂಗಡಿಯ ಹಸಿರುಗಳಲ್ಲಿ ಹಲವು ಮೊದಲೇ ಎರಡು ಮೂರು ಬಣ್ಣದ ಬೆರಕೆ. ಅಂಥ ಎರಡನ್ನು ಕೂಡಿಸಿದರೆ ಐದಾರು ಕಣಗಳು ಒಂದನ್ನೊಂದು ಕೊಲ್ಲುತ್ತವೆ. ಧಾರವಾಡದ ಮಳೆಯ ಹಸಿರಿಗೆ ಅಲ್ಟ್ರಾಮರೀನ್ ಜೊತೆ ಒಂದು ಬೆಚ್ಚನೆ ಹಳದಿ, ನೆರಳಿಗೆ ಥೇಲೊ ಗ್ರೀನ್ ಜೊತೆ ಬರ್ನ್ಟ್ ಸಿಯೆನ್ನಾ. ಎರಡೂ ಜೋಡಿಯಲ್ಲಿ ಪ್ರಮಾಣ ಬದಲಿಸುತ್ತ ಹೋದರೆ ಎಳೆ ಹುಲ್ಲಿನಿಂದ ಮಾವಿನ ತೋಪಿನ ಕಡುಹಸಿರಿನವರೆಗೆ ಸಿಗುತ್ತದೆ. ಕೆರೆಯ ಆಚೆ ದಂಡೆಯ ಹಸಿರಿಗೆ ಬೂದುನೀಲಿ ಬೆರೆಯಲಿ, ಮಂಜಿನ ಹಿಂದಿನದು ಅಷ್ಟು ಹಸಿರಾಗಿ ಕಾಣುವುದಿಲ್ಲ.

ಇನ್ನೊಂದು ಕೆಸರು ಕೈಯಿಂದ ಆಗುತ್ತದೆ. ಮೂರನೇ ಹಂತದ ಬಣ್ಣವನ್ನು ಮತ್ತೆ ಮತ್ತೆ ಉಜ್ಜಿದರೆ ಕೆಳಪದರ ಎದ್ದು ಮೇಲಿನದರಲ್ಲಿ ಕಲಸುತ್ತದೆ. ಒಮ್ಮೆ ಇಟ್ಟು ಬಿಡಿ. ಮೂರನೇ ಹಂತದಲ್ಲಿ ಮರ ಸೇರಿಸುವುದಾದರೆ ಬ್ರಷ್‌ನಲ್ಲಿರುವ ಬಣ್ಣ ಕಾಗದಕ್ಕಿಂತ ಗಟ್ಟಿ, ನೀರು ಕಾಗದಕ್ಕಿಂತ ಕಡಿಮೆ ಇರಲಿ. ಆಗ ಮರದ ಅಂಚು ಮಂಜಿನಲ್ಲಿ ಕರಗಿದಂತೆ ಮೆದುವಾಗುತ್ತದೆ, ಆದರೆ ಹರಡಿ ಓಡುವುದಿಲ್ಲ.

"ಮಾಸ್ಕಿಂಗ್ ಫ್ಲೂಯಿಡ್ ಎಳೆದಾಗ ಕಾಗದದ ಮೈಯೇ ಕಿತ್ತು ಬಂತು. ಬ್ರಷ್ಷೂ ಹಾಳಾಯಿತು."
– ಲಕ್ಷ್ಮೇಶ್ವರ

ಅದು ರಬ್ಬರ್ ಹಾಲು. ಬಿಸಿಲಲ್ಲಿ ಇಟ್ಟರೆ, ಹೇರ್ ಡ್ರೈಯರ್ ಹಿಡಿದರೆ, ದಿನಗಟ್ಟಲೆ ಬಿಟ್ಟರೆ ನಾರಿಗೆ ಕಚ್ಚಿಕೊಳ್ಳುತ್ತದೆ. ಬೇಸಿಗೆಯಲ್ಲಿ ಹಚ್ಚಿದ ದಿನವೇ ತೆಗೆಯಿರಿ, ಅದೂ ಕಾಗದ ಪೂರ್ತಿ ಒಣಗಿ ತಂಪು ಹೋದ ಮೇಲೆ. ಮೆದು ಸೈಜಿಂಗ್ (ಬಣ್ಣ ಕೂಡಲೇ ಇಂಗದಂತೆ ಹಾಕುವ ಅಂಟು) ಇರುವ ಹ್ಯಾಂಡ್‌ಮೇಡ್ ಕಾಗದದಲ್ಲಿ ಮೊದಲು ಮೂಲೆಯಲ್ಲಿ ಪರೀಕ್ಷಿಸಿ, ಕೆಲವು ಹಾಳೆಗಳಿಗೆ ಇದು ನಡೆಯುವುದೇ ಇಲ್ಲ. ಬಾಟಲಿ ಅಲ್ಲಾಡಿಸಬೇಡಿ, ಗುಳ್ಳೆ ಏಳುತ್ತದೆ; ಮೆಲ್ಲಗೆ ಹೊರಳಿಸಿ. ಹಳೇ ಸಿಂಥೆಟಿಕ್ ಬ್ರಷ್ ತೆಗೆದುಕೊಂಡು ಮೊದಲು ಸಾಬೂನಿಗೆ ಉಜ್ಜಿ, ನಂತರ ಅದ್ದಿ. ಸಾಬೂನಿನ ಪದರದಿಂದಾಗಿ ರಬ್ಬರ್ ಕೂದಲಿಗೆ ಹಿಡಿಯುವುದಿಲ್ಲ. ನಡುನಡುವೆ ತೊಳೆದು ಮತ್ತೆ ಸಾಬೂನು ಹಚ್ಚಿ.

"ಕಳೆದ ವರ್ಷ ತಂದ ಒಳ್ಳೆಯ ಕಾಗದದ ಮೇಲೆ ಈಗ ಬಣ್ಣ ಹಚ್ಚಿದರೆ ಅಲ್ಲಲ್ಲಿ ಚುಕ್ಕಿಯಾಗಿ ಇಂಗುತ್ತದೆ."
– ಹಾನಗಲ್

ಕಾಗದಕ್ಕೆ ಬಣ್ಣ ಕೂಡಲೇ ಇಂಗದಂತೆ ಜೆಲಟಿನ್ ಮುಂತಾದ ಅಂಟು ಹಾಕಿರುತ್ತಾರೆ. ಮಳೆಗಾಲದ ತೇವದಲ್ಲಿ ಬೂಸು ಅದನ್ನು ತಿಂದ ಕಡೆ ಕಾಗದ ಒತ್ತುಕಾಗದದಂತೆ ಹೀರುತ್ತದೆ. ಕಣ್ಣಿಗೆ ಕಾಣದು, ನೀರು ಬಿದ್ದಾಗಲೇ ಗೊತ್ತಾಗುವುದು. ಆ ಹಾಳೆಗಳನ್ನು ಪೆನ್ಸಿಲ್, ಇದ್ದಿಲು ಕೆಲಸಕ್ಕೆ ಇಡಿ. ಹೊಸ ಕಾಗದವನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಜಿಪ್ ಚೀಲದಲ್ಲಿ ಮುಚ್ಚಿ, ಹೊರಗೋಡೆಗೆ ತಾಗದಂತೆ, ನೆಲದಿಂದ ಮೇಲೆ, ಮಟ್ಟಸವಾಗಿ ಇಡಿ. ಜೂನ್‌ಗೆ ಮೊದಲು ಒಣ ದಿನದಲ್ಲೇ ಚೀಲ ಮುಚ್ಚಬೇಕು. ಒದ್ದೆ ಗಾಳಿಯನ್ನು ಒಳಗೆ ಸೇರಿಸಿ ಮುಚ್ಚಿದರೆ ಬೂಸಿಗೆ ಮನೆ ಮಾಡಿಕೊಟ್ಟಂತೆ.

"ನೀಲಿ ಆಕಾಶದಲ್ಲಿ ಮರಳು ಮರಳು ಕಣ ಕೂರುತ್ತದೆ. ಬೋರ್‌ವೆಲ್ ನೀರಿನ ದೋಷವೇ?"
– ಉಣಕಲ್, ಹುಬ್ಬಳ್ಳಿ

ಎರಡು ಬೇರೆ ಸಂಗತಿಗಳಿವೆ. ಅಲ್ಟ್ರಾಮರೀನ್, ಸೆರುಲಿಯನ್, ಕೋಬಾಲ್ಟ್ ನೀಲಿಗಳ ಕಣ ಸ್ವಭಾವದಿಂದಲೇ ಕಾಗದದ ತಗ್ಗಿನಲ್ಲಿ ಕೂರುತ್ತವೆ. ಕಡಲಿಗೆ, ಬಂಡೆಗೆ, ಮೋಡಕ್ಕೆ ಅದು ವರ, ಬೇಡವಾದ ಕಡೆ ಥೇಲೊ ಬ್ಲೂ ತೆಳುವಾಗಿ ಹಚ್ಚಿ, ಅದು ನುಣುಪು. ಆದರೆ ಗಡಸು ನೀರಿನ ಲವಣಗಳೂ ಕಣಗಳನ್ನು ಗುಂಪುಗೂಡಿಸುತ್ತವೆ. ಪದರದ ಮೇಲೆ ಪದರ ಹಚ್ಚಿದಾಗ ಬೆಳ್ಳನೆ ಪೊರೆಯೂ ಬರಬಹುದು. ಪತ್ತೆ ಸುಲಭ: ಅದೇ ಬಣ್ಣವನ್ನು ಒಂದು ತುಂಡಿಗೆ ಬೋರ್ ನೀರಿನಲ್ಲಿ, ಇನ್ನೊಂದಕ್ಕೆ ಫಿಲ್ಟರ್‌ನ ಆರ್‌ಒ ನೀರಿನಲ್ಲಿ ಹಚ್ಚಿ ಒಣಗಿಸಿ. ಎರಡೂ ಒಂದೇ ಆಗಿದ್ದರೆ ಅದು ಬಣ್ಣದ ಗುಣ. ವ್ಯತ್ಯಾಸ ಕಂಡರೆ ಬಣ್ಣ ಕಲಸಲು ಆರ್‌ಒ ಅಥವಾ ಶುದ್ಧ ಪಾತ್ರೆಯಲ್ಲಿ ಹಿಡಿದ ಮಳೆನೀರು, ಬ್ರಷ್ ತೊಳೆಯಲು ಬೋರ್ ನೀರು ಸಾಕು. ತೊಳೆಯುವ ಡಬ್ಬಿ, ಕಲಸುವ ಡಬ್ಬಿ ಬೇರೆ ಬೇರೆ ಇರಲಿ. ತೊಳೆದ ನೀರಿನಿಂದಲೇ ಆಕಾಶ ಕಲಸುವುದರಿಂದ ಆಗುವ ಮಂಕನ್ನೂ ಜನ ಬೋರ್‌ವೆಲ್ಲಿನ ಲೆಕ್ಕಕ್ಕೆ ಹಾಕುತ್ತಾರೆ.

ಮುಂದಿನ ಸಂಚಿಕೆಗೆ ಪ್ರಶ್ನೆ ಕಳಿಸುವವರು ಚಿತ್ರದ ಫೋಟೊ ಜೊತೆಗೆ ಕಾಗದದ ಜಿಎಸ್‌ಎಂ, ಟ್ಯೂಬಿನ ಮೇಲಿನ ಬಣ್ಣದ ಪೂರ್ಣ ಹೆಸರು, ಕೆಲಸ ಮಾಡಿದ ತಿಂಗಳು ಮತ್ತು ಹೊತ್ತು ಬರೆಯಿರಿ. ಹಾಳಾದ ಚಿತ್ರದ್ದೇ ಫೋಟೊ ಕಳಿಸಿ, ತಿದ್ದಿದ್ದು ಬೇಡ.